ಅಕೂಮಾ ಟೆಕ್ಕನ್‌ಗೆ ಬಂದದ್ದು ಋಣ ತೀರಿಸಲಿಕ್ಕೋ, ಮಾರಾಟಕ್ಕೋ?

ಪ್ರಶ್ನೆ: ಕಾರವಾರದಲ್ಲಿ ಬಿ.ಕಾಂ. ಓದುತ್ತಿದ್ದೇನೆ. ಮನೆಯಲ್ಲಿ ಅಣ್ಣನ ಜೊತೆ ಟೆಕ್ಕನ್ 7 ಅನ್ನುವ ಹೊಡೆದಾಟದ ವಿಡಿಯೋ ಗೇಮ್ ಆಡುತ್ತೇನೆ. ಅದರಲ್ಲಿ ಸ್ಟ್ರೀಟ್ ಫೈಟರ್‌ನ ಅಕೂಮಾ ಇದ್ದಾನಲ್ಲ, ಅವನ ವಿಷಯದಲ್ಲಿ ನಮ್ಮಿಬ್ಬರಿಗೂ ದಿನಾ ಜಗಳ. ಎರಡೂ ಒಂದೇ ಲೋಕದ ಕಥೆ ಅನ್ನುತ್ತಾನೆ ಅಣ್ಣ. ಬರೀ ಮಾರಾಟದ ಗಿಮಿಕ್ ಅಂತ ನನ್ನ ವಾದ. ಯಾರು ಸರಿ? ಒಂದು ಕಂಪನಿಯ ಪಾತ್ರ ಇನ್ನೊಂದು ಕಂಪನಿಯ ಗೇಮ್‌ಗೆ ಹೇಗೆ ಬರುತ್ತದೆ? ಮೂಲ ಗೇಮ್ ಆಡದೆ ಇಂಥದ್ದನ್ನು ಆಡಿದರೆ ಏನಾದರೂ ತಪ್ಪಿಹೋಗುತ್ತದೆಯೇ?

ಉತ್ತರ: ಮೊದಲು ನಿಮ್ಮ ಮನೆಯ ಜಗಳ ಮುಗಿಸೋಣ. ಅಣ್ಣನದು ಅರ್ಧ ಸರಿ, ನಿಮ್ಮದೂ ಅರ್ಧ ಸರಿ. ಆದರೆ ಅಕೂಮಾನ ಮಟ್ಟಿಗೆ ಅಣ್ಣನ ಅರ್ಧ ತುಸು ದೊಡ್ಡದು.

2016ರಲ್ಲಿ ಆರ್ಕೇಡ್‌ಗೂ 2017ರಲ್ಲಿ ಕನ್ಸೋಲ್, ಪಿಸಿಗೂ ಬಂದ ಟೆಕ್ಕನ್ 7ರ ಆವೃತ್ತಿಯಲ್ಲಿ ಅಕೂಮಾನಿಗೆ ಕಥೆಯೊಳಗೇ ಕೆಲಸ ಕೊಟ್ಟಿದ್ದಾರೆ. ಟೆಕ್ಕನ್‌ನ ಮಿಶಿಮಾ ಮನೆತನದ ಯಜಮಾನ ಹೆಯ್‌ಹಾಚಿಯ ಹೆಂಡತಿ ಕಜೂಮಿ ಹಿಂದೊಮ್ಮೆ ಅವನ ಜೀವ ಉಳಿಸಿದ್ದಳು. ತನ್ನ ಕೈಯಲ್ಲಿ ಆಗದೇ ಹೋದರೆ ಗಂಡನನ್ನೂ ಮಗ ಕಜೂಯಾನನ್ನೂ ನೀನು ಮುಗಿಸಬೇಕು ಅಂತ ಅವನಿಂದ ಮಾತು ಪಡೆದಿದ್ದಳು. ಆ ಋಣ ತೀರಿಸಲಿಕ್ಕೆ ಅವನು ಬರುವುದು. ಅವನನ್ನು ತೆಗೆದರೆ ಆ ಕಥೆಯ ಒಂದು ಕಂಬವೇ ಬೀಳುತ್ತದೆ. ಆದರೆ ಈ ಕಥೆ ಬರೆದದ್ದು ಟೆಕ್ಕನ್‌ನ ಬಾಂಡೈ ನಾಮ್ಕೊ, ಪಾತ್ರ ಕ್ಯಾಪ್‌ಕಾಮ್‌ನದು. ಬಿ.ಕಾಂ. ಓದುವವರಿಗೆ ಲೆಕ್ಕದ ಭಾಷೆಯಲ್ಲೇ ಹೇಳಬೇಕೆಂದರೆ, ಟೆಕ್ಕನ್‌ನ ಪುಸ್ತಕದಲ್ಲಿ ಈ ಸಾಲ ಜಮಾ ಆಗಿದೆ, ಸ್ಟ್ರೀಟ್ ಫೈಟರ್‌ನ ಪುಸ್ತಕದಲ್ಲಿ ಎಂಟ್ರಿಯೇ ಇಲ್ಲ. ಅಣ್ಣನ ‘ಒಂದೇ ಲೋಕ’ ಅಲ್ಲಿಗೆ ಎಡವುತ್ತದೆ.

ನಮ್ಮ ಕಡೆ ‘ಆಟ’ ಅಂದರೆ ಯಕ್ಷಗಾನ. ಆಟ ನೋಡಿ ಬೆಳೆದವರಿಗೆ ಇದೇನು ಹೊಸದಲ್ಲ. ‘ಜಾಂಬವತಿ ಕಲ್ಯಾಣ’ ಪ್ರಸಂಗ ನೋಡಿದ್ದೀರಾ? ಸ್ಯಮಂತಕ ಮಣಿ ಹುಡುಕುತ್ತ ಕೃಷ್ಣ ಗುಹೆಗೆ ಹೋದರೆ ಒಳಗೆ ಕೂತವನು ರಾಮಾಯಣದ ಜಾಂಬವಂತ! ಭಾಗವತದ ಪ್ರಕಾರ ಇಬ್ಬರಿಗೂ ಇಪ್ಪತ್ತೆಂಟು ದಿನ ಕಾಳಗ. ಕಡೆಗೆ ಇವನೇ ನನ್ನ ರಾಮ ಅಂತ ಮುದುಕನಿಗೆ ಹೊಳೆಯುತ್ತದೆ, ಮಣಿಯ ಜೊತೆ ಮಗಳನ್ನೂ ಕೊಡುತ್ತಾನೆ. ಹಳೆಯ ಕಥೆಯವನು ಹೊಸ ಕಥೆಗೆ ಬಂದ, ಬಂದದ್ದಕ್ಕೆ ಕಾರಣ ಇತ್ತು, ಬಂದದ್ದರಿಂದ ಕಥೆ ಮುಂದೆ ಹೋಯಿತು. ಅಕೂಮಾ ಈ ಜಾತಿಯ ನೆಂಟ. ಅದೇ ಟೆಕ್ಕನ್ 7ಕ್ಕೆ ಆಮೇಲೆ ದುಡ್ಡು ಕೊಟ್ಟು ಇಳಿಸಿಕೊಳ್ಳುವ ಡಿಎಲ್‌ಸಿಯಾಗಿ ಬಂದರಲ್ಲ, ಫೈನಲ್ ಫ್ಯಾಂಟಸಿಯ ನಾಕ್ಟಿಸ್, ‘ವಾಕಿಂಗ್ ಡೆಡ್’ನ ನೀಗನ್, ಅವರಿಗೆ ಮಿಶಿಮಾ ಮನೆತನದ ಕಥೆಯಲ್ಲಿ ಏನೂ ಕೆಲಸವಿಲ್ಲ. ಅಲ್ಲಿ ನೀವು ಗೆದ್ದಿರಿ. ಅದು ಮಾರಾಟವೇ.

ಅಕೂಮಾನಿಗೆ ಈ ಚಾಳಿ ಹುಟ್ಟಿನಿಂದಲೇ ಇದೆ ಅನ್ನುವುದು ಬೇರೆ ಮಾತು. 1994ರಲ್ಲಿ ‘ಸೂಪರ್ ಸ್ಟ್ರೀಟ್ ಫೈಟರ್ 2 ಟರ್ಬೊ’ದಲ್ಲಿ ಅವನು ಮೊದಲ ಸಲ ಕಾಣಿಸಿಕೊಂಡದ್ದು. ಅದೇ ವರ್ಷ ಕ್ಯಾಪ್‌ಕಾಮ್ ಮಾರ್ವೆಲ್‌ನಿಂದ ಹಕ್ಕು ಪಡೆದು ‘ಎಕ್ಸ್-ಮೆನ್: ಚಿಲ್ಡ್ರನ್ ಆಫ್ ದಿ ಆ್ಯಟಮ್’ ಮಾಡಿತು. ಅದರೊಳಗೂ ಇವನು ಗುಟ್ಟಾಗಿ ಅಡಗಿ ಕೂತಿದ್ದ. ಎರಡು ವರ್ಷದಲ್ಲಿ ‘ಎಕ್ಸ್-ಮೆನ್ ವರ್ಸಸ್ ಸ್ಟ್ರೀಟ್ ಫೈಟರ್’, ಮುಂದೆ ‘ಮಾರ್ವೆಲ್ ವರ್ಸಸ್ ಕ್ಯಾಪ್‌ಕಾಮ್’. ಅಷ್ಟು ದೊಡ್ಡ ಸಂಬಂಧಕ್ಕೆ ಮೊದಲ ಹೆಜ್ಜೆ ಒಂದು ಕಳ್ಳ ಪ್ರವೇಶ.

ಇನ್ನು ನಿಮ್ಮ ಎರಡನೇ ಪ್ರಶ್ನೆ, ಹೇಗೆ ಬರುತ್ತದೆ ಅಂತ. ಕಥೆಗಿಂತ ಮೊದಲು ಕಾಗದಪತ್ರ ನೋಡಬೇಕು. ಪಾತ್ರ ಯಾರದ್ದು, ಗೇಮ್ ಯಾರದ್ದು, ಇಬ್ಬರ ನಡುವೆ ಕರಾರು ಏನು. ಇದು ನನ್ನ ತಲೆಗೆ ಹೋದದ್ದು ಬಹಳ ತಡವಾಗಿ. ಹೇಗೆ ಅಂತ ಹೇಳಿದರೆ ನೀವು ನಗಬಹುದು.

ಶಿರಸಿಯಲ್ಲಿ ನಾನು ಚಿಕ್ಕದೊಂದು ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದೆ. ಅರ್ಧ ತಾಸಿಗೆ ಇಷ್ಟು ಅಂತ ದುಡ್ಡು, ಎರಡು ಟಿ.ವಿ., ಮಳೆಗಾಲದಲ್ಲಿ ಕರೆಂಟ್ ಹೋದರೆ ಹುಡುಗರಿಗೆ ದುಡ್ಡು ವಾಪಸ್. ಆಗ ಕಾರ್ಟ್ರಿಡ್ಜ್ ಅಂತ ಯಾರೂ ಅನ್ನುತ್ತಿರಲಿಲ್ಲ, ಕ್ಯಾಸೆಟ್ ಅನ್ನುತ್ತಿದ್ದರು. ಒಂದು ಸಲ ಮಾರಿಕಾಂಬಾ ಜಾತ್ರೆಯ ಪೇಟೆಯಲ್ಲಿ ಹೊಸ ಮಾರಿಯೊ ಕ್ಯಾಸೆಟ್ ಅಂತ ಒಂದು ತಂದೆ. ಹಾಕಿ ನೋಡಿದರೆ ಮಾರಿಯೊ ಹಸಿರು ಗುಡ್ಡದಲ್ಲಿ ಶರವೇಗದಲ್ಲಿ ಓಡುತ್ತಿದ್ದಾನೆ, ಉಂಗುರ ಬಾಚಿಕೊಳ್ಳುತ್ತಿದ್ದಾನೆ, ದುಂಡಗಿನ ಹಾದಿಯಲ್ಲಿ ತಲೆಕೆಳಗಾಗಿ ಸುತ್ತುತ್ತಿದ್ದಾನೆ. ಅದು ‘ಸೋಮಾರಿ’. ಕನ್ನಡದ ಸೋಮಾರಿ ಅಲ್ಲ, ಸೋನಿಕ್‌ಗೆ ಮಾರಿಯೊನನ್ನು ಕಸಿ ಕಟ್ಟಿದ ಹೆಸರು. ಸೆಗಾದ ‘ಸೋನಿಕ್’ ಗೇಮನ್ನು ಯಾರದ್ದೂ ಅಪ್ಪಣೆಯಿಲ್ಲದೆ ನಿಂಟೆಂಡೊದ ಹಳೆಯ ಯಂತ್ರಕ್ಕೆ ನಕಲು ಮಾಡಿ, ಸೋನಿಕ್‌ನ ಜಾಗದಲ್ಲಿ ಮಾರಿಯೊನನ್ನು ಕೂರಿಸಿದ 1994ರ ಕಳ್ಳಮಾಲು. ನನಗೇನು ಗೊತ್ತು? ಮಾರಿಯೊ, ಸೋನಿಕ್ ಒಂದೇ ಕಂಪನಿಯ ಅಣ್ಣತಮ್ಮಂದಿರು ಅಂತ ಎಷ್ಟೋ ವರ್ಷ ಹುಡುಗರಿಗೆಲ್ಲ ಪಾಠ ಹೇಳಿದೆ.

ನಿಜಸಂಗತಿ ನೋಡಿದರೆ ಆ ಇಬ್ಬರೂ ಹಾವು ಮುಂಗುಸಿ. 1995ರಲ್ಲಿ ರೇರ್ ಕಂಪನಿ ನಿಂಟೆಂಡೊಗೆ ಮಾಡಿದ ‘ಡಾಂಕಿ ಕಾಂಗ್ ಕಂಟ್ರಿ 2’ರಲ್ಲಿ ಗೇಮ್ ಲೋಕದ ವೀರರ ಪೀಠ ಒಂದಿದೆ. ನಿಂಟೆಂಡೊದವರೇ ಆದ ಮಾರಿಯೊ, ಯೋಶಿ, ಲಿಂಕ್ ಅದರ ಮೇಲೆ ನಿಂತಿದ್ದಾರೆ. ಅದೇ ಚಿತ್ರದ ಮೂಲೆಯಲ್ಲಿ ಕಸದ ಡಬ್ಬಿ, ಕೈಲಾಗದವರು ಅಂತ ಅದಕ್ಕೊಂದು ಫಲಕ, ಪಕ್ಕದಲ್ಲಿ ಒಂದು ಜೊತೆ ಕೆಂಪು ಬೂಟು. ಸೋನಿಕ್ ಇಲ್ಲ, ಅವನ ಬೂಟು ಮಾತ್ರ. ಜೊತೆಗೆ ಅರ್ತ್‌ವರ್ಮ್ ಜಿಮ್ ಅನ್ನುವ ಇನ್ನೊಂದು ಗೇಮ್‌ನ ನಾಯಕನ ಬಂದೂಕು. ಕರೆಯದೇ ಕರೆಸಿ ಅವಮಾನ ಮಾಡುವ ಇಂಥ ಚೇಷ್ಟೆಗೆ ಕರಾರು ಬೇಡ. ಪಾತ್ರವನ್ನು ತೋರಿಸದೆ ಕುರುಹು ತೋರಿಸಿದರೆ ಸಾಕು, ನೋಡುವವರಿಗೆ ಗೊತ್ತಾಗುತ್ತದೆ. ಆರು ವರ್ಷದಲ್ಲಿ ಗಾಳಿ ತಿರುಗಿತು. 2001ರಲ್ಲಿ ಸೆಗಾ ಡ್ರೀಮ್‌ಕಾಸ್ಟ್ ನಿಲ್ಲಿಸಿ ಯಂತ್ರ ಮಾಡುವುದನ್ನೇ ಬಿಟ್ಟಿತು, ಅದೇ ವರ್ಷ ಸೋನಿಕ್ ನಿಂಟೆಂಡೊ ಯಂತ್ರದ ಮೇಲೆ ಬಂದ. 2007ರಲ್ಲಿ ಒಲಿಂಪಿಕ್ಸ್ ಗೇಮ್‌ನಲ್ಲಿ ಇಬ್ಬರೂ ಮೊದಲ ಸಲ ಕಾನೂನುಬದ್ಧವಾಗಿ ಜೊತೆಯಾದರು. ನನ್ನ ಜಾತ್ರೆ ಕ್ಯಾಸೆಟ್ ಹದಿಮೂರು ವರ್ಷ ಮುಂದಿತ್ತು ಅನ್ನಿ.

ಮೇಳಗಳ ಲೆಕ್ಕದಲ್ಲಿ ಹೇಳಿದರೆ ಇದು ಜೋಡಾಟ ಹೋಗಿ ಕೂಡಾಟವಾದ ಕಥೆ. ಎರಡು ಮೇಳ ಅಕ್ಕಪಕ್ಕದ ರಂಗಸ್ಥಳದಲ್ಲಿ ಒಂದೇ ರಾತ್ರಿ ಪಂತಕ್ಕೆ ಬಿದ್ದು ಕುಣಿದರೆ ಜೋಡಾಟ, ಎರಡೂ ಮೇಳದವರು ಒಂದೇ ರಂಗಸ್ಥಳಕ್ಕೆ ಬಂದರೆ ಕೂಡಾಟ. ಕ್ಯಾಪ್‌ಕಾಮ್ ಮತ್ತು ಅದರ ಎದುರಾಳಿ ಕಂಪನಿ ಎಸ್‌ಎನ್‌ಕೆ ನಡುವೆ ನಡೆದದ್ದು ಇದಕ್ಕಿಂತ ಸ್ವಾರಸ್ಯದ್ದು. 1987ರ ಮೊದಲ ‘ಸ್ಟ್ರೀಟ್ ಫೈಟರ್’ ನಿರ್ದೇಶಿಸಿದ ತಕಾಶಿ ನಿಶಿಯಾಮಾ ಆಮೇಲೆ ಎಸ್‌ಎನ್‌ಕೆಗೆ ಹೋಗಿ ‘ಫೇಟಲ್ ಫ್ಯೂರಿ’ ಮಾಡಿದ. ಮೇಳ ಬಿಟ್ಟ ಕಲಾವಿದ ಎದುರು ಮೇಳ ಸೇರಿದಂತೆ. 1992ರಲ್ಲಿ ಎಸ್‌ಎನ್‌ಕೆ ‘ಆರ್ಟ್ ಆಫ್ ಫೈಟಿಂಗ್’ ತಂದಾಗ ಅದರ ನಾಯಕ ರಿಯೊ ಸಕಜಾಕಿ ಸ್ಟ್ರೀಟ್ ಫೈಟರ್‌ನ ರಿಯೂಗೆ ಹೆಸರಿನಲ್ಲೂ ವೇಷದಲ್ಲೂ ಬಹಳ ಹತ್ತಿರ ಇದ್ದ. ಕ್ಯಾಪ್‌ಕಾಮ್ ಉತ್ತರ ಕೊಟ್ಟದ್ದು 1995ರಲ್ಲಿ, ‘ಸ್ಟ್ರೀಟ್ ಫೈಟರ್ ಆಲ್ಫಾ’ದೊಳಗೆ ಡಾನ್ ಹಿಬಿಕಿ ಅನ್ನುವ ಹಾಸ್ಯಗಾರನನ್ನು ಬಿಟ್ಟು. ಎಸ್‌ಎನ್‌ಕೆಯ ವೀರರ ಮುಖ, ಜುಟ್ಟು, ಮೈಮೇಲೆ ಗುಲಾಬಿ ಬಣ್ಣದ ಕರಾಟೆ ಅಂಗಿ. ಅವನು ಒಂದೇ ಕೈಯಲ್ಲಿ ಎಸೆಯುವ ಬೆಂಕಿಯುಂಡೆ ಎರಡು ಹೆಜ್ಜೆ ಹೋಗುವಷ್ಟರಲ್ಲಿ ಪುಸ್ ಅಂತ ಆರಿಹೋಗುತ್ತದೆ. ನೋಟಿಸಿಲ್ಲ, ಕೋರ್ಟಿಲ್ಲ. 1999, 2000ರ ಹೊತ್ತಿಗೆ ಎರಡೂ ಕಂಪನಿ ಕೂತು ಮಾತಾಡಿ ಒಬ್ಬರ ಪಾತ್ರ ಇನ್ನೊಬ್ಬರ ಗೇಮ್‌ನಲ್ಲಿ ಸೇರಿಸುವ ಕೂಡಾಟಕ್ಕೇ ಒಪ್ಪಿಕೊಂಡವು. ಅಣಕಿಸಲಿಕ್ಕೆ ಹುಟ್ಟಿದ ಡಾನ್ ಈಗಲೂ ಇದ್ದಾನೆ, ಸ್ಟ್ರೀಟ್ ಫೈಟರ್ 5ಕ್ಕೂ ಬಂದ. ನನಗೆ ರಿಯೂಗಿಂತ ಅವನೇ ಇಷ್ಟ.

ಕರಾರಿನ ಬಲ ಎಷ್ಟು ಅಂತ ತಿಳಿಯಲಿಕ್ಕೆ ‘ಅಡ್ವೆಂಚರ್ ಐಲ್ಯಾಂಡ್’ ನೋಡಿ. ಆ ಕಾಲದ ಕ್ಯಾಸೆಟ್‌ಗಳಲ್ಲಿ ಇದು ತಪ್ಪದೇ ಇರುತ್ತಿತ್ತು. ಬಿಳಿ ಟೋಪಿ, ಸೊಂಟಕ್ಕೆ ಎಲೆ, ಕೊಡಲಿ ಎಸೆಯುತ್ತ ಹಣ್ಣು ತಿನ್ನುತ್ತ ಓಡುವವ. ಮೂಲದಲ್ಲಿ ಅದು ‘ವಂಡರ್ ಬಾಯ್’. ಮಾಡಿದ್ದು ಎಸ್ಕೇಪ್ ಅನ್ನುವ ಚಿಕ್ಕ ಕಂಪನಿ. ಹೆಸರು ಮತ್ತು ಪಾತ್ರದ ಹಕ್ಕು ಸೆಗಾದ್ದು, ಉಳಿದ ಗೇಮ್‌ನ ಹಕ್ಕು ಎಸ್ಕೇಪ್‌ನದು. 1986ರಲ್ಲಿ ಹಡ್ಸನ್ ಕಂಪನಿ ಅದನ್ನು ನಿಂಟೆಂಡೊ ಯಂತ್ರಕ್ಕೆ ತರಬೇಕಾದಾಗ ಓಟ, ಹಣ್ಣು, ಕೊಡಲಿ ಎಲ್ಲ ಇಟ್ಟುಕೊಂಡು ಹುಡುಗನನ್ನು ಮಾತ್ರ ತೆಗೆದು, ತನ್ನದೇ ಉದ್ಯೋಗಿ ತಕಾಹಾಶಿ ಮೇಜಿನ್‌ನ ಗೊಂಬೆ ಹಾಕಿತು. ಆಸಾಮಿ ಸೆಕೆಂಡಿಗೆ ಹದಿನಾರು ಸಲ ಗುಂಡಿ ಒತ್ತುತ್ತಾನೆ ಅಂತ ಜಪಾನಿನಲ್ಲಿ ಹೆಸರುವಾಸಿ. ತೋಟ ಒಬ್ಬನದು, ಫಸಲು ಇನ್ನೊಬ್ಬನಿಗೆ ಗುತ್ತಿಗೆ. ಅಡಿಕೆ ಊರಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಗುತ್ತಿಗೆಗೆ ಅವಧಿಯೂ ಇರುತ್ತದೆ. 2004ರಲ್ಲಿ ಅಟ್ಲಸ್ ಕಂಪನಿ ತನ್ನ ‘ಶಿನ್ ಮೆಗಾಮಿ ಟೆನ್ಸೆಯ್ 3’ರ ಹೊಸ ಆವೃತ್ತಿಗೆ ‘ಡೆವಿಲ್ ಮೇ ಕ್ರೈ’ಯ ಡಾಂಟೆಯನ್ನು ಕ್ಯಾಪ್‌ಕಾಮ್‌ನಿಂದ ಕರೆತಂದಿತು. ಯುರೋಪಿನಲ್ಲಿ ಡಬ್ಬಿಯ ಮೇಲೇ ಡಾಂಟೆ ಇದ್ದಾನೆ ಅಂತ ಮುದ್ರೆ ಹೊಡೆದು ಮಾರಿದರು. ಮುಂದಿನ ಆವೃತ್ತಿಯಲ್ಲಿ ಅದೇ ಜಾಗದಲ್ಲಿ ಅಟ್ಲಸ್‌ನದೇ ಪಾತ್ರ ರೈಡೋ ಬಂದು ಕೂತ. 2020ರಲ್ಲಿ ಗೇಮ್ ಹೊಸ ರೂಪದಲ್ಲಿ ಬಂದಾಗ ಡಾಂಟೆ ಬೇಕೆಂದವರು ಬೇರೆ ದುಡ್ಡು ಕೊಡಬೇಕಾಯಿತು. ನೆಂಟ ಹೋದ ಮೇಲೂ ಮಣೆ ಹಾಗೇ ಇತ್ತು.

ಯಂತ್ರ ಮಾರಲಿಕ್ಕೂ ನೆಂಟರು ಬೇಕು. 2003ರಲ್ಲಿ ‘ಸೋಲ್‌ಕ್ಯಾಲಿಬರ್ 2’ ಮೂರು ಯಂತ್ರಗಳಿಗೆ ಬಂತು. ಗೇಮ್‌ಕ್ಯೂಬ್‌ನದರಲ್ಲಿ ಜೆಲ್ಡಾದ ಲಿಂಕ್, ಪ್ಲೇಸ್ಟೇಷನ್ 2ರದರಲ್ಲಿ ಹೆಯ್‌ಹಾಚಿ, ಎಕ್ಸ್‌ಬಾಕ್ಸ್‌ನದರಲ್ಲಿ ಕಾಮಿಕ್ ಪುಸ್ತಕದ ಸ್ಪಾನ್. ಒಂದೇ ಗೇಮ್, ಮೂರು ಊರಿಗೆ ಮೂರು ಅತಿಥಿ ಕಲಾವಿದರ ಹೆಸರು ಹಾಕಿದ ಹ್ಯಾಂಡ್‌ಬಿಲ್. ಫೋನಿನಲ್ಲಿ ಆಡುವ ಗೇಮ್‌ಗಳಲ್ಲಿ ಇಂದು ನಡೆಯುತ್ತಿರುವುದು ಹೆಚ್ಚಾಗಿ ಈ ಜಾತಿಯದೇ. ಅದರಲ್ಲಿ ಹೇಳುವಂಥದ್ದು ಕಡಿಮೆ. ಅಂಗಿ ಬದಲಾಗುತ್ತದೆ, ಆಟ ಬದಲಾಗುವುದಿಲ್ಲ.

ನನ್ನ ಅಳತೆ ಇಷ್ಟೆ: ಬಂದ ವೇಷ ಈ ಮೇಳದ ತಾಳಕ್ಕೆ ಕುಣಿಯಿತೋ, ಅಥವಾ ರಂಗಕ್ಕೆ ಬಂದು ಶಾಲು ಹೊದೆಸಿಕೊಂಡು ಬಣ್ಣ ಹಚ್ಚುವ ಚೌಕಿಗೆ ವಾಪಸ್ ಹೋಯಿತೋ. ಅಕೂಮಾನನ್ನೇ ಮತ್ತೆ ನೋಡಿ. ಟೆಕ್ಕನ್‌ನಲ್ಲಿ ಹೆಚ್ಚಿನವರಿಗಿಲ್ಲದ ಶಕ್ತಿಯ ಪಟ್ಟಿ ಅವನಿಗೆ ಪರದೆಯ ಕೆಳಗೆ ಇದೆ. ಅವನ ಜಿಗಿತ ಸ್ಟ್ರೀಟ್ ಫೈಟರ್‌ನದು, ದೂರದಿಂದ ಹಡೋಕೆನ್ ಅನ್ನುವ ಶಕ್ತಿಯುಂಡೆ ಎಸೆಯುತ್ತಾನೆ. ಆದರೆ ಮೂರು ಆಯಾಮದ ಆ ಕಣದಲ್ಲಿ ಎದುರಾಳಿ ಪಕ್ಕಕ್ಕೆ ಒಂದು ಹೆಜ್ಜೆ ಸರಿದರೆ ಆ ಉಂಡೆ ಹಾಗೇ ದಾಟಿಹೋಗುತ್ತದೆ. ಅಂದರೆ ಅವನ ವಿದ್ಯೆಗೂ ಇಲ್ಲಿಯ ನೆಲದ ಕಟ್ಟು ಇದೆ. ಅಣ್ಣ ಅಕೂಮಾ ಹಿಡಿದು ಹಡೋಕೆನ್ ಸುರಿಸುತ್ತಾ ಕೂತರೆ ನೀವು ಪಕ್ಕಕ್ಕೆ ಸರಿಯುವುದು ಕಲಿಯಿರಿ.

ಇದಕ್ಕಿಂತ ಸೂಕ್ಷ್ಮವಾದದ್ದು ಬೇಕೆಂದರೆ ಕೊನಾಮಿಯ 1998ರ ‘ಮೆಟಲ್ ಗೇರ್ ಸಾಲಿಡ್’. ಅದರಲ್ಲಿ ಸೈಕೊ ಮ್ಯಾಂಟಿಸ್ ಅನ್ನುವ ಖಳ ಮನಸ್ಸು ಓದುತ್ತೇನೆ ಅನ್ನುತ್ತಾನೆ. ಓದುವುದು ನಿಮ್ಮ ಮೆಮೊರಿ ಕಾರ್ಡು. ಅದರಲ್ಲಿ ಕೊನಾಮಿಯದೇ ‘ಕ್ಯಾಸಲ್‌ವೇನಿಯಾ’ ಸೇವ್ ಆಗಿದ್ದರೆ ನಿನಗೆ ಕ್ಯಾಸಲ್‌ವೇನಿಯಾ ಅಂದರೆ ಇಷ್ಟ ಅಲ್ಲವಾ ಅಂತ ಕೇಳುತ್ತಾನೆ. ಬೇರೆ ಗೇಮ್‌ನ ಪಾತ್ರ ಪರದೆಗೆ ಬರಲೇ ಇಲ್ಲ, ಹೆಸರು ಮಾತ್ರ ಬಂತು. ನನ್ನ ಅಂಗಡಿಯಲ್ಲಿ ಹತ್ತಿಪ್ಪತ್ತು ಹುಡುಗರಿಗೆ ಸೇರಿ ಒಂದೇ ಮೆಮೊರಿ ಕಾರ್ಡು. ಒಂದು ಸಂಜೆ ಹೈಸ್ಕೂಲಿನ ಹುಡುಗನೊಬ್ಬ ಮ್ಯಾಂಟಿಸ್ ಹತ್ತಿರ ಹೋದ, ಅವನು ಕ್ಯಾಸಲ್‌ವೇನಿಯಾ ಮಾತು ಎತ್ತಿದ. ಹುಡುಗ ರಿಮೋಟ್ ಕೆಳಗಿಟ್ಟು ನನ್ನ ಕಡೆ ತಿರುಗಿ, “ನಾ ಅದನ್ನ ಆಡ್ಲೇ ಇಲ್ಲ, ಇವ ಸುಳ್ಳು ಹೇಳ್ತಾ” ಅಂದ. ಹಿಂದಿನ ಬೆಂಚಿನಲ್ಲಿ ಸರದಿಗೆ ಕಾಯುತ್ತಿದ್ದ ಇನ್ನೊಬ್ಬ ಎದ್ದು ನಿಂತ, “ಅದು ನಂದು.” ಮನಸ್ಸು ಓದಿದ್ದು ಸರಿಯೇ, ಮನಸ್ಸು ಮಾತ್ರ ಬೆಂಚಿನ ಮೇಲೆ ಕೂತಿತ್ತು.

ಹಾಗಾದರೆ ಮೂಲ ಗೊತ್ತಿಲ್ಲದಿದ್ದರೆ ಏನು ತಪ್ಪುತ್ತದೆ? ನಿಜ ಹೇಳಬೇಕೆಂದರೆ, ಅರ್ಧ ರುಚಿ ತಪ್ಪುತ್ತದೆ. 1994ರ ‘ಡೂಮ್ 2’ರಲ್ಲಿ ಹದಿನೈದನೆಯ ಹಂತದಿಂದ ಒಂದು ಗುಪ್ತ ಬಾಗಿಲು, ಅಲ್ಲಿಂದ ಇನ್ನೊಂದು. ಕೊನೆಗೆ ಒಂದು ಕೋಣೆಯಲ್ಲಿ ನಾಲ್ಕು ಚಿಕ್ಕ ಗೊಂಬೆ ಕುತ್ತಿಗೆಗೆ ಹಗ್ಗ ಹಾಕಿ ತೂಗುತ್ತಿವೆ. ನಾಲ್ಕನ್ನೂ ಗುಂಡಿಟ್ಟು ಉರುಳಿಸದೆ ಹೊರಹೋಗುವ ದಾರಿ ತೆರೆಯುವುದಿಲ್ಲ. ಕಂಪ್ಯೂಟರ್ ಕ್ಲಾಸಿನ ಯಂತ್ರದಲ್ಲಿ ಅದನ್ನು ನೋಡಿದ ದಿನ ನನಗೆ ಹೊಟ್ಟೆ ತೊಳಸಿತ್ತು, ಇದೇನು ವಿಕಾರ ಅಂತ. ಆ ಗೊಂಬೆ ಕಮಾಂಡರ್ ಕೀನ್, ಐಡಿ ಸಾಫ್ಟ್‌ವೇರ್‌ನವರೇ 1990ರಲ್ಲಿ ಮಕ್ಕಳಿಗೆ ಅಂತ ಮಾಡಿದ ಹಳದಿ ಹೆಲ್ಮೆಟ್ಟಿನ ಹುಡುಗ ಅಂತ ತಿಳಿದದ್ದು ಎಷ್ಟೋ ವರ್ಷ ಆದ ಮೇಲೆ. ತಮ್ಮ ಮೊದಲ ಕೂಸನ್ನು ತಾವೇ ನೇಣಿಗೆ ಹಾಕಿ ನಕ್ಕಿದ್ದರು. ಅದಕ್ಕೆ ಮುಂಚಿನ ಗುಪ್ತ ಹಂತದ ನೀಲಿ ಗೋಡೆಗಳೂ ಅವರದೇ ‘ವುಲ್ಫೆನ್‌ಸ್ಟೈನ್’ನಿಂದ ಎತ್ತಿ ತಂದವು.

ಆದರೆ ನಮ್ಮಂಥ ಊರುಗಳಲ್ಲಿ ಯಾವತ್ತೂ ನೆಂಟ ಮೊದಲು, ಅವನ ಮನೆ ಆಮೇಲೆ. ಲಿಂಕ್‌ನನ್ನು ನಾನು ಸೋಲ್‌ಕ್ಯಾಲಿಬರ್‌ನಲ್ಲಿ ನೋಡಿ ಆಮೇಲೆ ಜೆಲ್ಡಾ ಹುಡುಕಿದೆ. ಜಪಾನು ಅಮೆರಿಕದ ಹುಡುಗರು ಗುರುತು ಸಿಕ್ಕಿ ಖುಷಿಪಟ್ಟರೆ, ನಾವು ಯಾರಿವನು ಅಂತ ತಲೆಕೆರೆದುಕೊಂಡು ಹಿಂದಕ್ಕೆ ನಡೆದೆವು. ಹಾಗೆ ನಡೆದವರಿಗೆ ಮೂಲ ಗೇಮ್ ಸಿಕ್ಕಾಗ ಆಗುವ ಸಂತೋಷವೇ ಬೇರೆ. ಹಾಗಾಗಿ ಮೂಲ ಆಡಿಲ್ಲ ಅಂತ ಹಿಂಜರಿಯಬೇಡಿ. ಎಚ್ಚರ ಇರಬೇಕಾದದ್ದು ಸುಳ್ಳು ಸುದ್ದಿಗೆ ಮಾತ್ರ. 2002ರ ಏಪ್ರಿಲ್‌ನಲ್ಲಿ ಅಮೆರಿಕದ ಒಂದು ಗೇಮ್ ಪತ್ರಿಕೆ, ನಿಂಟೆಂಡೊದ ‘ಸ್ಮ್ಯಾಶ್ ಬ್ರದರ್ಸ್ ಮೆಲೀ’ಯ ಅತಿ ಕಠಿಣ ಪಂದ್ಯದಲ್ಲಿ ಇಪ್ಪತ್ತು ಜನರನ್ನು ಕೆಡವಿದರೆ ಸೋನಿಕ್ ಸಿಗುತ್ತಾನೆ ಅಂತ ಬರೆಯಿತು. ಎಷ್ಟು ಜನರ ಹೆಬ್ಬೆರಳು ಸವೆಯಿತೋ. ಅದು ಏಪ್ರಿಲ್ ಫೂಲ್. ಸೋನಿಕ್ ಆ ಸರಣಿಗೆ ನಿಜವಾಗಿ ಬಂದದ್ದು 2008ರಲ್ಲಿ.

ನೋಡಲಿಕ್ಕೆ ಶುರು ಎಲ್ಲಿಂದ ಮಾಡಬಹುದು ಅಂದರೆ, ಅಕೂಮಾ ಅಡಗಿದ್ದ ಆ ಎಕ್ಸ್-ಮೆನ್ ಗೇಮ್ 2024ರಲ್ಲಿ ಮಾರ್ವೆಲ್-ಕ್ಯಾಪ್‌ಕಾಮ್ ಹಳೆಯ ಗೇಮ್‌ಗಳ ಸಂಗ್ರಹದಲ್ಲಿ ಪಿಸಿಗೂ ಪ್ಲೇಸ್ಟೇಷನ್‌ಗೂ ಮತ್ತೆ ಬಂದಿದೆ. ಅದಕ್ಕಿಂತ ಮೊದಲು ಕ್ಯಾಪ್‌ಕಾಮ್‌ನದೇ 1993ರ ‘ಮೆಗಾ ಮ್ಯಾನ್ ಎಕ್ಸ್’ ಆಡಿ. ಅದೂ ಹಳೆಯ ಗೇಮ್‌ಗಳ ಸಂಗ್ರಹದಲ್ಲಿ ಸಿಗುತ್ತದೆ. ಎಂಟೂ ಖಳರನ್ನು ಸೋಲಿಸಿ, ಹೃದಯದ ಗುರುತು, ಶಕ್ತಿಯ ಟ್ಯಾಂಕು, ಕವಚದ ತುಂಡು ಒಂದೂ ಬಿಡದೆ ಸೇರಿಸಿಕೊಂಡು, ಆರ್ಮರ್ಡ್ ಆರ್ಮಡಿಲೊನ ಗಣಿಗೆ ವಾಪಸ್ ಹೋಗಿ. ಕೊನೆಯ ಗಣಿಬಂಡಿ ಕಂದಕಕ್ಕೆ ಹಾರುವಾಗ ನೀವು ಅದರಿಂದ ಜಿಗಿದು ಖಳನ ಬಾಗಿಲ ಮೇಲಿನ ಗೋಡೆ ಹತ್ತಬೇಕು. ಮೊದಲ ಸಲ ಹೋದಾಗ ಅಲ್ಲಿ ಏನೂ ವಿಶೇಷ ಇರುವುದಿಲ್ಲ, ಎರಡನೆಯ ಸಲವೂ ಅಷ್ಟೆ. ನಾಲ್ಕೈದು ಸಲ ಹಾಗೇ ಹೋಗಿ, ಜೀವ ಪೂರ್ತಿ ತುಂಬಿಕೊಂಡು ಹೋಗಿ. ಒಂದು ಪೆಟ್ಟಿಗೆ ತೆರೆದುಕೊಂಡು, ನಾಯಕ ಎಕ್ಸ್‌ನನ್ನು ಮಾಡಿದ ವಿಜ್ಞಾನಿ ಡಾಕ್ಟರ್ ಲೈಟ್ ಎದುರು ನಿಲ್ಲುತ್ತಾನೆ, ದಿನದ ಬಿಳಿ ಕೋಟಿನಲ್ಲಲ್ಲ, ಕರಾಟೆ ಅಂಗಿಯಲ್ಲಿ. ಅವನು ಕಲಿಸುವುದು ರಿಯೂನ ಹಡೋಕೆನ್. ಕೆಳಗೆ, ಓರೆಗೆ, ಮುಂದೆ, ಗುಂಡಿ. ಜೀವ ಒಂದು ಗೆರೆ ಕಡಿಮೆಯಾದರೂ ಅದು ಹೊರಡುವುದಿಲ್ಲ, ಹೊರಟರೆ ಎದುರಿಗೆ ಎಷ್ಟು ದೊಡ್ಡ ಖಳನಿದ್ದರೂ ಒಂದೇ ಏಟು. ಅಣ್ಣನಿಗೆ ಮೊದಲೇ ಹೇಳಬೇಡಿ, ಅವನು ಪಕ್ಕದಲ್ಲಿ ಕೂತಾಗ ಎಸೆಯಿರಿ.